ಮೂರು ದಿನ ಮನೆಯಲ್ಲೇ

ಇವತ್ತಿನ ಮಾತು ಮೂರು ದಿನಗಳ ಬಗ್ಗೆ. ಕರೆಂಟಿಲ್ಲ. ನಲ್ಲಿಯಲ್ಲಿ ನೀರಿಲ್ಲ. ಹೊರಗೆ ಮಳೆಯೋ, ಗಲಾಟೆಯೋ, ಇನ್ನೇನೋ ಆಗಿದೆ. ಅಂಗಡಿ ಮುಚ್ಚಿದೆ. ಅಂಥ ಮೂರು ದಿನವನ್ನು ಜಯನಗರದ ಒಂದು ಮನೆ ಹೇಗೆ ಕಳೆಯಬಹುದು? ಅದಕ್ಕೆ ಏನೇನು ಇಟ್ಟುಕೊಳ್ಳಬೇಕು? ಇಷ್ಟೇ ಪ್ರಶ್ನೆ.

2025ರ ಮೇ 7 ನಿಮಗೆ ನೆನಪಿರಬಹುದು. ದೇಶದ ಉದ್ದಗಲಕ್ಕೆ ನಾಗರಿಕ ರಕ್ಷಣೆಯ ಅಣಕು ಕಾರ್ಯಾಚರಣೆ ನಡೆಯಿತು. ನಮ್ಮ ಬೆಂಗಳೂರಿನಲ್ಲಿ ಅದು ಹಲಸೂರಿನಲ್ಲಿ ನಡೆಯಿತು. ಆ ದಿನಗಳಲ್ಲಿ ಪರಿಚಯದವರೊಬ್ಬರು ನನಗೆ ಒಂದು ಚೀಲದ ಚಿತ್ರ ಕಳಿಸಿದರು. ಆನ್‌ಲೈನ್‌ನಲ್ಲಿ ಸಿಗುವ ಚೀಲ. ಬೆಲೆ ಸಾವಿರಗಟ್ಟಲೆ. ರೇಡಿಯೋದಲ್ಲಿ ಚಿತ್ರ ತೋರಿಸಲಾರೆ, ಬಾಯಲ್ಲಿ ಹೇಳುತ್ತೇನೆ. ಸಿಪಾಯಿಗಳ ಬಟ್ಟೆಯ ಬಣ್ಣದ ಬೆನ್ನುಚೀಲ. ಒಳಗೆ ಒಂದು ದೊಡ್ಡ ಚಾಕು. ಉಜ್ಜಿದರೆ ಕಿಡಿ ಹಾರುವ ಒಂದು ಕಡ್ಡಿ. ದಿಕ್ಸೂಚಿ. ಮೀನಿನ ಗಾಳ, ಅದಕ್ಕೆ ದಾರ. ಮಿರಮಿರ ಮಿನುಗುವ ಒಂದು ತೆಳು ಹೊದಿಕೆ. "ತಗೊಂಡಿಡೋಣ್ವಾ ಸಾರ್?" ಎಂದು ಕೆಳಗೆ ಬರೆದಿದ್ದರು.

ಇದು ಕಾಡಿಗೆ ಓಡುವವರ ಚೀಲ. ಜಯನಗರದಿಂದ ನಾವು ಯಾವ ಕಾಡಿಗೆ ಓಡುವುದು? ಬನ್ನೇರುಘಟ್ಟ ರಸ್ತೆಯ ಟ್ರಾಫಿಕ್ ದಾಟುವಷ್ಟರಲ್ಲಿ ಆ ಮೂರು ದಿನ ಕಳೆದೇ ಹೋಗುತ್ತದೆ. ಯಡಿಯೂರು ಕೆರೆಗೆ ಗಾಳ ಹಾಕಿದರೆ ಕಾವಲುಗಾರ ಸೀಟಿ ಊದುತ್ತಾನೆ.

ಮನೆ ಬಿಟ್ಟು ಹೋಗಬೇಕಾದ ಕಾಲ ಈ ಊರಿಗೂ ಒಮ್ಮೆ ಬಂದಿತ್ತು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಜನ ಮನೆಗೆ ಬೀಗ ಹಾಕಿ ಬಯಲಿಗೆ ಹೋದರು. ಗುಡಿಸಲು ಹಾಕಿಕೊಂಡು ಕಾಲ ಕಳೆದರು. ಗಾಳಿ ಬೆಳಕು ಇರುವ ಬಡಾವಣೆ ಬೇಕೆಂದು ಬಸವನಗುಡಿ, ಮಲ್ಲೇಶ್ವರಗಳು ಬೆಳೆದದ್ದು ಆಮೇಲೆ. ಸುಮಾರು ಐವತ್ತು ವರ್ಷ ಕಳೆದು, 1948ರಲ್ಲಿ, ನಮ್ಮ ಜಯನಗರಕ್ಕೆ ಅಡಿಗಲ್ಲು ಬಿತ್ತು. ಅಶೋಕ ಪಿಲ್ಲರ್ ಆ ಕಾಲದ್ದು.

ಈಚಿನ ಸಂಕಟಗಳನ್ನು ನೋಡಿ. 2016ರ ಸೆಪ್ಟೆಂಬರ್‌ನಲ್ಲಿ ಕಾವೇರಿ ಗಲಾಟೆ. ಬಸ್ಸುಗಳು ಸುಟ್ಟವು. ಹದಿನಾರು ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ. 2020ರಲ್ಲಿ ಕೊರೋನಾ. ಬೀದಿಗೆ ಇಳಿಯುವಂತಿಲ್ಲ. 2022ರಲ್ಲಿ ಮಳೆ. 2024ರಲ್ಲಿ ನೀರಿನ ಬರ. ಈ ಯಾವುದರಲ್ಲೂ ದಕ್ಷಿಣ ಬೆಂಗಳೂರಿನ ಸಾಮಾನ್ಯ ಮನೆಯವರು ಚೀಲ ಹೆಗಲಿಗೆ ಹಾಕಿ ಓಡಲಿಲ್ಲ. ಒಳಗೇ ಕೂತರು. ಹಾಗಾಗಿ ನಮ್ಮ ಸಿದ್ಧತೆ ಕೂರುವವರ ಸಿದ್ಧತೆ ಆಗಬೇಕು. ಮೂರು ದಿನ ಎನ್ನುವುದೂ ನಾನು ಗಾಳಿಯಲ್ಲಿ ಹಿಡಿದ ಲೆಕ್ಕವಲ್ಲ. 2025ರ ಮಾರ್ಚ್‌ನಲ್ಲಿ ಐರೋಪ್ಯ ಒಕ್ಕೂಟ ತನ್ನ ಜನಕ್ಕೆ ಹೇಳಿದ್ದೂ ಇದನ್ನೇ. 72 ಗಂಟೆಗೆ ಸಾಕಾಗುವಷ್ಟು ಮನೆಯಲ್ಲಿಟ್ಟುಕೊಳ್ಳಿ ಎಂದು. ಸ್ವೀಡನ್ ಸರ್ಕಾರವಂತೂ ಇಂಥ ಸಲಹೆಗಳ ಪುಸ್ತಿಕೆಯನ್ನೇ ಅಚ್ಚು ಹಾಕಿಸಿ ಮನೆಮನೆಗೆ ಹಂಚಿದೆ.

ಓಡುವ ಚೀಲ ಬೇಡ, ಕೂರುವ ಸಿದ್ಧತೆ ಬೇಕು. ಇಷ್ಟು ಹೇಳಿದೆ. ಈಗ ನೀರಿಗೆ ಬರೋಣ. ಎಲ್ಲಕ್ಕಿಂತ ಮೊದಲು ನೀರು.

2022ರ ಸೆಪ್ಟೆಂಬರ್ ಮೊದಲ ವಾರ. ರಾತ್ರಿಯಿಡೀ ಮಳೆ. ಬೆಳ್ಳಂದೂರು, ಮಹದೇವಪುರದ ಕಡೆ ಬೀದಿಗಳಲ್ಲಿ ದೋಣಿ, ಟ್ರ್ಯಾಕ್ಟರ್ ಓಡಾಡಿದವು. ಊರೆಲ್ಲ ನೀರು. ಅದೇ ಹೊತ್ತಿಗೆ ನಗರದ ಎಷ್ಟೋ ಬಡಾವಣೆಗಳ ನಲ್ಲಿಯಲ್ಲಿ ಹನಿ ನೀರಿಲ್ಲ. ಇದು ಹೇಗಾಯಿತು? ಕಾವೇರಿ ನೀರು ನಮಗೆ ಸುಮಾರು 100 ಕಿಲೋಮೀಟರ್ ದೂರದಿಂದ ಬರುತ್ತದೆ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಣ ಘಟಕ, ಪಂಪುಮನೆ. ಅಲ್ಲಿಂದ ಹಾರೋಹಳ್ಳಿ. ಅಲ್ಲಿಂದ ಕನಕಪುರ ರಸ್ತೆಯ ತಾತಗುಣಿ. ಮೂರು ಮೆಟ್ಟಿಲಾಗಿ ನೀರನ್ನು ಎತ್ತುತ್ತಾರೆ. ಒಟ್ಟು ಎತ್ತರ ಸುಮಾರು ಅರ್ಧ ಕಿಲೋಮೀಟರ್. ಆ ಮಳೆಯಲ್ಲಿ ತೊರೆಕಾಡನಹಳ್ಳಿಯ ಪಂಪುಮನೆಯೇ ಮುಳುಗಿತು. ಮೊದಲ ಮೆಟ್ಟಿಲು ನಿಂತರೆ ಉಳಿದ ಎರಡು ನಿಂತಂತೆಯೇ. ಪಂಪುಮನೆಯ ನೀರು ಖಾಲಿ ಮಾಡಿ, ಯಂತ್ರ ಒಣಗಿಸಿ, ಮತ್ತೆ ಓಡಿಸುವಷ್ಟರಲ್ಲಿ ಒಂದೆರಡು ದಿನ ಬೇಕಾಯಿತು. ಜಯನಗರದಲ್ಲಿ ಒಂದು ಹನಿ ಮಳೆ ಬೀಳದಿದ್ದರೂ ಇಲ್ಲಿನ ನಲ್ಲಿ ನಿಲ್ಲಬಹುದು. ನಮ್ಮ ನಲ್ಲಿಯ ಹಣೆಬರಹ ಮಳವಳ್ಳಿಯಲ್ಲಿದೆ.

ಮುಂದಿನ ಆಘಾತ ಇದಕ್ಕೆ ತಿರುಗುಮುರುಗು. 2023ರಲ್ಲಿ ಮಳೆ ಕೈಕೊಟ್ಟಿತು. 2024ರ ಮಾರ್ಚ್ ಹೊತ್ತಿಗೆ ಸರ್ಕಾರವೇ ಲೆಕ್ಕ ಕೊಟ್ಟಿತು. ನಗರದ ಸುಮಾರು 14 ಸಾವಿರ ಸರ್ಕಾರಿ ಕೊಳವೆಬಾವಿಗಳಲ್ಲಿ ಅರ್ಧದಷ್ಟು ಬತ್ತಿವೆ ಎಂದು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5 ಸಾವಿರ ದಂಡ ಎಂದು ಜಲಮಂಡಳಿ ಹೇಳಿತು. ಆ ವರ್ಷದ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಶುರುವಾಯಿತು. ದಿನಕ್ಕೆ ಇನ್ನೂ 77 ಕೋಟಿ ಲೀಟರಿನಷ್ಟು ನೀರು. ಒಳ್ಳೆಯದೇ. ಆದರೆ ಆ ನೀರೂ ಅದೇ ದಿಕ್ಕಿನಿಂದ, ಹಾಗೇ ಮೇಲಕ್ಕೆ ಎತ್ತಿಸಿಕೊಂಡೇ ಬರಬೇಕು.

ಈಗ ನಿಮ್ಮ ಮನೆಯ ಲೆಕ್ಕ. ಛಾವಣಿ ಮೇಲೆ ಸಾವಿರ ಲೀಟರಿನ ಟ್ಯಾಂಕು ಇದೆ ಎಂದುಕೊಳ್ಳಿ. ಮನೆಯಲ್ಲಿ ನಾಲ್ಕು ಜನ. ನಗರದಲ್ಲಿ ತಲೆಗೆ ದಿನಕ್ಕೆ ಸುಮಾರು 135 ಲೀಟರ್ ಎಂದು ಲೆಕ್ಕ ಹಿಡಿಯುತ್ತಾರೆ. ಎಂದಿನಂತೆ ಖರ್ಚು ಮಾಡಿದರೆ ಆ ಟ್ಯಾಂಕು ಎರಡು ದಿನಕ್ಕೂ ಬರುವುದಿಲ್ಲ. ಸಂಕಟಕಾಲಕ್ಕೆ ಪರಿಹಾರ ಕೆಲಸದವರು ಇಟ್ಟುಕೊಂಡಿರುವ ಕನಿಷ್ಠ ಲೆಕ್ಕ ಬೇರೆ. ಕುಡಿಯಲು, ಅಡುಗೆಗೆ, ಕೈಕಾಲಿಗೆ ಎಲ್ಲ ಸೇರಿ ತಲೆಗೆ ದಿನಕ್ಕೆ 15 ಲೀಟರ್. ಒಂದು ಬಕೆಟ್ಟು. ಈ ಲೆಕ್ಕಕ್ಕೆ ಇಳಿದರೆ ಅದೇ ಟ್ಯಾಂಕು ಎರಡು ವಾರ ಬರುತ್ತದೆ. ಅಂದರೆ ಮೊದಲು ಬೇಕಾದದ್ದು ಹೊಸ ಸಾಮಾನಲ್ಲ. ನೀರು ನಿಂತಿತು ಎಂದು ತಿಳಿದ ಗಳಿಗೆಯಲ್ಲಿ ಷವರ್, ವಾಷಿಂಗ್ ಮೆಷೀನ್, ಫ್ಲಷ್ ಮೂರನ್ನೂ ಬಂದ್ ಮಾಡುವ ಒಬ್ಬ ಯಜಮಾನ ಅಥವಾ ಯಜಮಾನಿ ಬೇಕು.

ಇನ್ನೊಂದು ಮಾತು. ಟ್ಯಾಂಕು ಪೂರ್ತಿ ಖಾಲಿಯಾಗಿ ನಲ್ಲಿ ಬುಸ್ ಎಂದ ಮೇಲೆ ಮೋಟಾರು ಹಾಕುವ ಅಭ್ಯಾಸ ಎಷ್ಟೋ ಮನೆಗಳಲ್ಲಿದೆ. ಅದೇ ಹೊತ್ತಿಗೆ ಕರೆಂಟು ಹೋದರೆ? ಸಂಪಿನಲ್ಲಿ ಐದು ಸಾವಿರ ಲೀಟರ್ ಇದ್ದರೂ ಮೇಲಕ್ಕೆ ಬಾರದು. ಟ್ಯಾಂಕು ಅರ್ಧಕ್ಕೆ ಇಳಿದಾಗಲೇ ಮೋಟಾರು ಹಾಕಿ. ಸಂಪಿನ ಹತ್ತಿರ ಉದ್ದ ಹಗ್ಗ ಕಟ್ಟಿದ ಒಂದು ಬಕೆಟ್ಟು ನೇತುಹಾಕಿ. ನಗಬೇಡಿ. ಬಾವಿ ಇದ್ದ ಮನೆಗಳಲ್ಲಿ ಹುಟ್ಟಿದವರಿಗೆ ಇದು ಗೊತ್ತು.

ಕುಡಿಯುವ ನೀರಿನದು ಬೇರೆ ಕಥೆ. ಅಡುಗೆಮನೆಯ ಆರ್‌ಒ ಯಂತ್ರ ಕರೆಂಟಿಲ್ಲದೆ ಓಡುವುದಿಲ್ಲ. ಅದರ ಪುಟ್ಟ ಟ್ಯಾಂಕಿನಲ್ಲಿರುವುದು ಏಳೆಂಟು ಲೀಟರ್ ಅಷ್ಟೇ. ಕುಡಿಯಲು, ಅಡುಗೆಗೆ ತಲೆಗೆ 5 ಲೀಟರ್ ಹಿಡಿಯಿರಿ. ನಾಲ್ಕು ಜನಕ್ಕೆ ಮೂರು ದಿನಕ್ಕೆ 60 ಲೀಟರ್. ಅಂದರೆ 20 ಲೀಟರಿನ ಮೂರು ಕ್ಯಾನು. ಒಂದು ಕ್ಯಾನು ಬಳಕೆಯಲ್ಲಿದ್ದರೆ ಮೂರು ತುಂಬಿದ್ದು ಹಿಂದೆ ಇರಲಿ. ಹಳೆಯದನ್ನು ಮುಂದೆ ತಂದು ಬಳಸಿ. ಅಜ್ಜಿ ಕೊಟ್ಟ ತಾಮ್ರದ ಹಂಡೆ ಅಟ್ಟದ ಮೇಲಿದ್ದರೆ ಇಳಿಸಿ ತೊಳೆದಿಡಿ. ಕೈಕಾಲು ತೊಳೆಯುವ ನೀರಿಗಾಯಿತು.

ಸಂಪಿನ ಮುಚ್ಚಳ ನೆಲಮಟ್ಟದಲ್ಲಿದ್ದರೆ ದೊಡ್ಡ ಮಳೆಯಲ್ಲಿ ಬೀದಿಯ ನೀರು, ಮೋರಿಯ ನೀರು ಒಳಗೆ ಇಳಿಯುತ್ತದೆ. ಎತ್ತರದ ಬ್ಲಾಕುಗಳಲ್ಲಿ ಇರುವವರಿಗೆ ಈ ಕಾಟ ಕಡಿಮೆ. ಮಡಿವಾಳ ಕೆರೆಯ ಆಸುಪಾಸಿನ ತಗ್ಗಿನಲ್ಲಿ ಇರುವವರು ಮುಚ್ಚಳದ ಸುತ್ತ ಎರಡು ಸಾಲು ಇಟ್ಟಿಗೆ ಕಟ್ಟಿಸಲಿ. ಮೇಸ್ತ್ರಿಗೆ ಒಂದು ದಿನದ ಕೆಲಸ. ಮೋರಿ ನೀರು ಬೆರೆತರೆ ಕುದಿಸಿ ಕುಡಿಯುವ ಸಾಹಸ ಬೇಡ. ಸಂಪು ಖಾಲಿ ಮಾಡಿಸಿ, ತೊಳೆಸಿ, ಆಮೇಲೆ ತುಂಬಿಸಿ. ನೀರಿನ ದೂರಿಗೆ ಜಲಮಂಡಳಿಯ ಸಂಖ್ಯೆ 1916.

ನೀರಿನ ಮಾತು ಮುಗಿಯಿತು. ಟ್ಯಾಂಕು ಅರ್ಧಕ್ಕಿಂತ ಇಳಿಯಬಾರದು, ಕ್ಯಾನು ಮೂರು ಹೆಚ್ಚಿಗೆ, ಸಂಪಿನ ಬಾಯಿ ಎತ್ತರ. ಇಷ್ಟು ನೆನಪಿರಲಿ. ಇನ್ನು ಕರೆಂಟು.

ಜಯನಗರದ ಹೆಮ್ಮೆ ಅದರ ಮರಗಳು. ಬೇಸಿಗೆಯ ಕೊನೆಗೆ ಮೊದಲ ಗಾಳಿಮಳೆ ಬಂದಾಗ ಕೊಂಬೆ ಮುರಿದು ತಂತಿಯ ಮೇಲೆ ಬೀಳುತ್ತದೆ. ನಮ್ಮಲ್ಲಿ ಕರೆಂಟು ಹೋಗುವುದಕ್ಕೆ ದೊಡ್ಡ ಕಾರಣಗಳಲ್ಲಿ ಇದೊಂದು. ಇದಕ್ಕೆ ಮರ ಕಡಿಸುವುದು ಪರಿಹಾರವಲ್ಲ. ಒಣ ಕೊಂಬೆ ಕಂಡರೆ ಏಪ್ರಿಲ್‌ಗೆ ಮುಂಚೆ ಪಾಲಿಕೆಗೆ ದೂರು ಕೊಡಿ. ಗಾಳಿ ಬೀಸುವಾಗ ಹಳೆಯ ಮರದ ಕೆಳಗೆ ನಿಲ್ಲಬೇಡಿ, ಕಾರು ನಿಲ್ಲಿಸಬೇಡಿ.

ಮನೆಯಲ್ಲಿ ಯುಪಿಎಸ್ ಇದೆಯಲ್ಲ, ಮತ್ತೇನು ಚಿಂತೆ ಎನ್ನುತ್ತೀರಿ. 150 ಆಂಪಿಯರ್-ಅವರ್ ಎಂದು ಬರೆದಿರುವ ಒಂದು ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ? ಹೊಸದಾಗಿದ್ದರೆ ಎರಡು ಫ್ಯಾನು, ನಾಲ್ಕು ಎಲ್‌ಇಡಿ ಬಲ್ಬು, ಇಂಟರ್‌ನೆಟ್ಟಿನ ಪೆಟ್ಟಿಗೆ ಇಷ್ಟಕ್ಕೆ ಸುಮಾರು ಆರು ಗಂಟೆ. ಹಳೆಯದಾಗಿದ್ದರೆ ಅದರ ಅರ್ಧ. ಟಿವಿ, ಫ್ರಿಜ್ಜು ಎಲ್ಲ ಹಾಕಿದರೆ ಇನ್ನೂ ಬೇಗ ಮುಗಿಯುತ್ತದೆ. ಮೂರು ದಿನ ಎಲ್ಲಿ, ಆರು ಗಂಟೆ ಎಲ್ಲಿ! ಹಾಗಾಗಿ ಕರೆಂಟು ಹೋಗಿ ಒಂದು ಗಂಟೆಯಾದರೂ ಬಾರದಿದ್ದರೆ ಫ್ಯಾನು ನಿಲ್ಲಿಸಿ. ಬ್ಯಾಟರಿಯನ್ನು ಒಂದು ಬಲ್ಬಿಗೂ ಫೋನ್ ಚಾರ್ಜಿಗೂ ಉಳಿಸಿ. ನೀರು ಹಾಕುವ ಬ್ಯಾಟರಿಯಾಗಿದ್ದರೆ ಮಳೆಗಾಲಕ್ಕೆ ಮುಂಚೆ ಡಿಸ್ಟಿಲ್ಡ್ ವಾಟರ್ ಮಟ್ಟ ನೋಡಿ. ಫ್ರಿಜ್ಜಿನ ಬಾಗಿಲು ತೆಗೆಯದಿದ್ದರೆ ಸುಮಾರು ನಾಲ್ಕು ಗಂಟೆ ತಣ್ಣಗಿರುತ್ತದೆ. ಏನಿದೆ ಎಂದು ಇಣುಕಿ ನೋಡುವ ಮಕ್ಕಳಿಗೆ ಇದನ್ನು ಹೇಳಿ. ಕಾರು ಇದ್ದವರಿಗೆ ಒಂದು ದೊಡ್ಡ ಬ್ಯಾಟರಿ ಮನೆ ಮುಂದೆಯೇ ನಿಂತಿದೆ. ಫೋನು ಅದರಲ್ಲಿ ಚಾರ್ಜಾಗುತ್ತದೆ.

ಮೇಣದಬತ್ತಿ ನನಗೆ ಇಷ್ಟವಿಲ್ಲ. ಕತ್ತಲಲ್ಲಿ ಬೆಂಕಿ ಹೊತ್ತಿಸಿ ಇಡುವುದಕ್ಕಿಂತ ತಲೆಗೆ ಕಟ್ಟಿಕೊಳ್ಳುವ ಟಾರ್ಚು ವಾಸಿ. ಕೈ ಎರಡೂ ಬಿಡುವಾಗಿರುತ್ತವೆ. ಆ ಬೆನ್ನುಚೀಲದಲ್ಲಿ ಇದ್ದಿದ್ದರೆ ನಾನು ಒಪ್ಪುತ್ತಿದ್ದುದು ಅದೊಂದನ್ನೇ. ಆದರೆ ಅದು ಅದರಲ್ಲಿ ಇರಲಿಲ್ಲ.

ಕರೆಂಟಿನ ಬಗ್ಗೆ ಒಂದು ಗಂಭೀರ ಮಾತಿದೆ. 2025ರ ಮೇ ತಿಂಗಳಲ್ಲಿ ಬಿಟಿಎಂ ಎರಡನೇ ಹಂತದ ಎನ್.ಎಸ್. ಪಾಳ್ಯದಲ್ಲಿ ಒಂದು ಅಪಾರ್ಟ್‌ಮೆಂಟಿನ ನೆಲಮಾಳಿಗೆಗೆ ಮಳೆನೀರು ನುಗ್ಗಿತು. ಅಲ್ಲಿಯ ಹಿರಿಯರೊಬ್ಬರು ಮೋಟಾರು ಇಟ್ಟು ನೀರು ಹೊರಹಾಕಲು ಹೋದರು. ಕರೆಂಟು ಹೊಡೆಯಿತು. ಅವರೂ ಹೋದರು, ಹತ್ತಿರವಿದ್ದ ಹನ್ನೆರಡು ವರ್ಷದ ಹುಡುಗನೂ ಹೋದ. ಮಳೆ ಕೊಲ್ಲಲಿಲ್ಲ. ನಿಂತ ನೀರಿನಲ್ಲಿ ಹರಿದ ಕರೆಂಟು ಕೊಂದಿತು. ಈಗ ನಮ್ಮ ಬಡಾವಣೆಗಳಲ್ಲಿ ಹಳೆಯ ಮನೆ ಕೆಡವಿ ಅಪಾರ್ಟ್‌ಮೆಂಟು ಕಟ್ಟುತ್ತಿದ್ದಾರೆ. ಕೆಳಗೆ ಕಾರು, ಅಲ್ಲೇ ಗೋಡೆಗೆ ಎಲ್ಲ ಮೀಟರುಗಳು. ನೆಲಮಾಳಿಗೆಗೆ ನೀರು ಬಂದರೆ ಮೊದಲು ಮೈನ್ ಸ್ವಿಚ್ ಆಫ್ ಆಗಬೇಕು. ಆ ಸ್ವಿಚ್ ನೀರಿನ ಆಚೆ ಇದ್ದರೆ ಇಳಿಯಲೇಬೇಡಿ. ಬೆಸ್ಕಾಂ ಸಂಖ್ಯೆ 1912. ಅವರು ಬೀದಿಯಿಂದಲೇ ಕರೆಂಟು ಕಡಿಯುತ್ತಾರೆ. ಕಾರು ಹಾಳಾದರೆ ಆಗಲಿ, ವಿಮೆಯವರು ನೋಡಿಕೊಳ್ಳುತ್ತಾರೆ. ನಿಮ್ಮ ಎಲೆಕ್ಟ್ರಿಷಿಯನ್‌ನನ್ನು ಕರೆದು ಒಂದು ಪ್ರಶ್ನೆ ಕೇಳಿ. ನಮ್ಮ ಮನೆಗೆ ಆರ್‌ಸಿಸಿಬಿ ಇದೆಯೇ? ಕರೆಂಟು ದಾರಿತಪ್ಪಿ ನೆಲಕ್ಕೆ ಸೋರಿದರೆ ಕಣ್ಣು ಮಿಟುಕಿಸುವುದರೊಳಗೆ ಲೈನ್ ಕಡಿಯುವ ಸಾಧನ ಅದು. ಮಾಮೂಲಿ ಎಂಸಿಬಿ ಆ ಕೆಲಸ ಮಾಡುವುದಿಲ್ಲ. ಅದು ತಂತಿಯನ್ನು ಕಾಯುತ್ತದೆ. ಇದು ಮನುಷ್ಯರನ್ನು ಕಾಯುತ್ತದೆ. ಒಂದು ಬೆನ್ನುಚೀಲದ ದುಡ್ಡಿಗೆ ಬರುತ್ತದೆ.

ನೀರಾಯಿತು, ಕರೆಂಟಾಯಿತು. ಈಗ ಊಟ. ಇದನ್ನು ಬೇಗ ಮುಗಿಸುತ್ತೇನೆ. ಇದು ನಮ್ಮ ಮನೆಗಳಿಗೆ ಗೊತ್ತಿರುವ ವಿದ್ಯೆ.

ಹಳೇ ಮೈಸೂರು ಸೀಮೆಯಲ್ಲಿ ಹಗೇವು ಇರುತ್ತಿತ್ತು. ನೆಲದೊಳಗೆ ತೋಡಿದ ರಾಗಿಯ ಕಣಜ. ಬಾಯಿ ಮುಚ್ಚಿ ಮಣ್ಣು ಮೆತ್ತಿದರೆ ರಾಗಿ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. 1876ರಿಂದ 78ರ ದೊಡ್ಡ ಬರದಲ್ಲಿ ಮೈಸೂರು ಸಂಸ್ಥಾನ ಸುಮಾರು ಹತ್ತು ಲಕ್ಷ ಜನರನ್ನು ಕಳೆದುಕೊಂಡಿತು. ಅಂಥ ಬರ ಕಂಡ ಸೀಮೆ ಕಾಳನ್ನು ಹಗುರವಾಗಿ ನೋಡುವುದಿಲ್ಲ. ಮಲೆನಾಡಿನವರಿಗಂತೂ ಮಳೆಗಾಲ ಎಂದರೆ ಮೊದಲು ಅಟ್ಟ ತುಂಬಬೇಕು. ಅಕ್ಕಿ, ಹಪ್ಪಳ, ಸಂಡಿಗೆ, ಉಪ್ಪಿನಕಾಯಿ, ಒಣ ಸೌದೆ. ಅದೆಲ್ಲ ಹತ್ತು ನಿಮಿಷಕ್ಕೆ ಸಾಮಾನು ತರುವ ಹುಡುಗನ ಕಾಲಕ್ಕೆ ಮುಂಚಿನದು. ಈಗ ಹಾಲು ಬೆಳಗ್ಗೆ ಬರುತ್ತದೆ, ಕೊತ್ತಂಬರಿ ಸಂಜೆ ಬರುತ್ತದೆ, ಡಬ್ಬಿಗಳು ಅರ್ಧ. ಆ ಹುಡುಗ ಬಾರದ ದಿನ ಏನು?

ಮೂರು ದಿನಕ್ಕೆ ಒಲೆ ಹಚ್ಚದೆ ತಿನ್ನುವಂಥದ್ದು ಸ್ವಲ್ಪ ಇರಲಿ. ತೆಳು ಅವಲಕ್ಕಿ. ಹುರಿಹಿಟ್ಟು, ಬೆಲ್ಲ. ಹುರಿಗಡಲೆ, ಕಡಲೆಕಾಯಿ ಬೀಜ. ಚಟ್ನಿಪುಡಿ. ಹಾಲಿನ ಪುಡಿ. ಇವುಗಳಿಗಾಗಿ ಬೇರೆ ಪೆಟ್ಟಿಗೆ ಬೇಡ. ದಿನವೂ ತಿನ್ನುವುದನ್ನೇ ಒಂದು ವಾರದಷ್ಟು ಹೆಚ್ಚಿಗೆ ಇಡಿ, ತಿಂದಂತೆ ತುಂಬಿ. ಎತ್ತಿಟ್ಟ ಪೆಟ್ಟಿಗೆಯಲ್ಲಿ ಹುಳು ಬೀಳುತ್ತದೆ, ಬಳಸುವ ಡಬ್ಬಿಯಲ್ಲಿ ಬೀಳುವುದಿಲ್ಲ. ಎರಡನೇ ಸಿಲಿಂಡರ್ ತುಂಬಿರಲಿ. ಗ್ಯಾಸ್ ವಾಸನೆ ಬಂದರೆ ರೆಗ್ಯುಲೇಟರ್ ಮುಚ್ಚಿ, ಕಿಟಕಿ ತೆಗೆಯಿರಿ, ಯಾವ ಸ್ವಿಚ್ಚನ್ನೂ ಮುಟ್ಟಬೇಡಿ. ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಗಾಂಧಿ ಬಜಾರಿಗೆ ಹೋದಾಗ ಒಂದು ಕಟ್ಟು ಮುತ್ತುಗದ ಎಲೆ ತನ್ನಿ. ತಟ್ಟೆ ತೊಳೆಯುವ ನೀರು ಉಳಿಯಿತು. ಇಂಥದ್ದು ಯಾವ ವಿದೇಶಿ ಪಟ್ಟಿಯಲ್ಲೂ ಬರುವುದಿಲ್ಲ.

ಕೇಳುಗರೇ, ಈವರೆಗೆ ಒಳಗೆ ಕೂರುವ ಮಾತನ್ನೇ ಆಡಿದೆ. ನೀರು, ಬೆಳಕು, ಊಟ. ಒಂದು ಸಂಕಟದಲ್ಲಿ ಮಾತ್ರ ಒಳಗೆ ಕೂರುವಂತಿಲ್ಲ. ಅದು ಬೆಂಕಿ. ಅಲ್ಲಿ ಮೂರು ದಿನವಲ್ಲ, ಮೂರು ನಿಮಿಷ ಸಿಕ್ಕರೆ ಪುಣ್ಯ.

2010ರ ಫೆಬ್ರವರಿಯಲ್ಲಿ ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿತ್ತು. ಒಂಬತ್ತು ಜನ ಸತ್ತರು. ಹೊಗೆ ತುಂಬಿದಾಗ ಹೊರಬರುವ ದಾರಿ ಸಿಗಲಿಲ್ಲ. ಉಸಿರುಗಟ್ಟಿದವರು ಕಿಟಕಿಯಿಂದ ಧುಮುಕಿದರು. 2021ರ ಸೆಪ್ಟೆಂಬರ್‌ನಲ್ಲಿ ಬನ್ನೇರುಘಟ್ಟ ರಸ್ತೆಯ ಆಚೆ ದೇವರಚಿಕ್ಕನಹಳ್ಳಿಯ ಒಂದು ಅಪಾರ್ಟ್‌ಮೆಂಟಿನಲ್ಲಿ ತಾಯಿ ಮಗಳು ಬೆಂಕಿಗೆ ಸಿಕ್ಕರು. ಬಾಲ್ಕನಿಯವರೆಗೆ ಬಂದರೂ ಹೊರಬರಲು ಆಗಲಿಲ್ಲ. ಬಾಲ್ಕನಿಗೆ ಕಬ್ಬಿಣದ ಗ್ರಿಲ್ ಇತ್ತು. ಕೆಳಗೆ ನಿಂತವರು ನೋಡುತ್ತಿದ್ದರು, ಕೂಗುತ್ತಿದ್ದರು. ಏನೂ ಮಾಡಲಾಗಲಿಲ್ಲ.

ಗ್ರಿಲ್ ಹಾಕಿಸಿದ್ದು ಕಳ್ಳರ ಭಯಕ್ಕೆ, ಮಕ್ಕಳು ಬೀಳಬಾರದೆಂದು, ಈಚೆಗೆ ಪಾರಿವಾಳದ ಕಾಟಕ್ಕೆ. ತೆಗೆಸಿ ಎಂದರೆ ಯಾರೂ ಕೇಳುವುದಿಲ್ಲ, ನಾನೂ ಹೇಳುವುದಿಲ್ಲ. ಬಾಲ್ಕನಿಯ ಗ್ರಿಲ್ಲಿನಲ್ಲಿ ಒಬ್ಬರು ತೂರುವಷ್ಟು ಒಂದು ಬಾಗಿಲು ಮಾಡಿಸಿ. ವೆಲ್ಡಿಂಗ್ ಅಂಗಡಿಯವರಿಗೆ ಅರ್ಧ ದಿನದ ಕೆಲಸ. ಅದಕ್ಕೆ ಒಳಗಿನಿಂದ ಬೀಗ. ಬೀಗದ ಕೈ ಅಲ್ಲೇ ಗೋಡೆಯ ಮೊಳೆಗೆ. ಹೊರಗಿನಿಂದ ಕೈಗೆಟುಕಬಾರದು, ಒಳಗಿನವರು ಹುಡುಕಬಾರದು.

ಈಗ ನಿಮ್ಮನ್ನೇ ಕೇಳುತ್ತೇನೆ. ರಾತ್ರಿ ಮಲಗುವಾಗ ಮುಂಬಾಗಿಲಿಗೆ ಒಳಗಿನಿಂದ ಎಷ್ಟು ಬೀಗ? ಕಬ್ಬಿಣದ ಬಾಗಿಲಿಗೆ ಒಂದು, ಮರದ ಬಾಗಿಲಿಗೆ ಒಂದು, ಗೇಟಿಗೆ ಒಂದು. ಮೂರೂ ಬೀಗದ ಕೈಗಳು ಯಜಮಾನರ ದಿಂಬಿನ ಕೆಳಗೆ. ಮೊಮ್ಮಗಳಿಗೆ ಗೊತ್ತಿಲ್ಲ. ಮನೆಕೆಲಸಕ್ಕೆಂದು ಅಲ್ಲೇ ಮಲಗುವ ಹುಡುಗಿಗೆ ಮೊದಲೇ ಗೊತ್ತಿಲ್ಲ. ಒಂದು ರಾತ್ರಿ ಎಲ್ಲರೂ ದೀಪ ಆರಿಸಿ, ಕತ್ತಲಲ್ಲಿ ಬಾಗಿಲು ತೆಗೆದು ಬೀದಿಗೆ ಬಂದು ನೋಡಿ. ಎಷ್ಟು ಹೊತ್ತಾಯಿತು ನೋಡಿ. ಪಕ್ಕದ ಮನೆಯವರು ನಕ್ಕರೆ ಅವರನ್ನೂ ಸೇರಿಸಿಕೊಳ್ಳಿ. ಹೊರಗೆ ಬಂದು ಎಲ್ಲಿ ಸೇರುವುದು ಎನ್ನುವುದೂ ತೀರ್ಮಾನವಾಗಿರಲಿ. ಎದುರಿನ ಪಾರ್ಕಿನ ಗೇಟು ಸಾಕು. ಇಲ್ಲದಿದ್ದರೆ ಹೊರಗೆ ಬಂದವರೇ ಇನ್ನೊಬ್ಬರನ್ನು ಹುಡುಕಿ ಮತ್ತೆ ಒಳಗೆ ನುಗ್ಗುತ್ತಾರೆ.

ಹೊಗೆ ಮೇಲಕ್ಕೆ ಏರುತ್ತದೆ. ನೆಲದ ಹತ್ತಿರ ಗಾಳಿ ಇರುತ್ತದೆ. ಬಗ್ಗಿ, ತೆವಳಿ ಬನ್ನಿ. ಲಿಫ್ಟ್ ಬೇಡ. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಎರಚಬೇಡಿ. ಒಲೆ ಆರಿಸಿ, ಮೇಲೆ ದೊಡ್ಡ ತಟ್ಟೆ ಮುಚ್ಚಿ. ದೇವರ ಮನೆಯ ದೀಪಕ್ಕೂ ಪರದೆಗೂ ಎರಡು ಮೊಳ ದೂರ ಇರಲಿ. ಎಬಿಸಿ ಮಾದರಿಯ ಪುಡಿ ತುಂಬಿದ, ಬೆಂಕಿ ಆರಿಸುವ ಸಣ್ಣ ಸಿಲಿಂಡರನ್ನು ಅಡುಗೆಮನೆಯ ಬಾಗಿಲ ಹೊರಗೆ ತೂಗುಹಾಕಿ. ಒಲೆಯ ಮೇಲಿನ ಗೂಡಿನಲ್ಲಿಟ್ಟರೆ ಬೆಂಕಿ ಬಿದ್ದಾಗ ಅದನ್ನು ಮುಟ್ಟುವುದು ಹೇಗೆ? ಇನ್ನೊಂದು ಸಂಗತಿ ನನಗೆ ಕಿರಿಕಿರಿ ಮಾಡುತ್ತದೆ. ಎಲೆಕ್ಟ್ರಿಕ್ ಸ್ಕೂಟರುಗಳನ್ನು ಮೆಟ್ಟಿಲ ಬುಡದಲ್ಲೇ ರಾತ್ರಿಯಿಡೀ ಚಾರ್ಜಿಗೆ ಹಾಕುತ್ತಾರೆ. ಇಡೀ ಕಟ್ಟಡಕ್ಕೆ ಇಳಿಯಲು ಇರುವುದು ಅದೊಂದೇ ಮೆಟ್ಟಿಲು. ಅಪಾರ್ಟ್‌ಮೆಂಟ್ ಸಂಘದ ಸಭೆಯಲ್ಲಿ ಬಣ್ಣದ ಚರ್ಚೆಗೆ ಮುಂಚೆ ಇದನ್ನು ಎತ್ತಿ.

ಬೆಂಕಿಯ ಮಾತು ಇಷ್ಟು. ಗ್ರಿಲ್ಲಿಗೆ ಬಾಗಿಲು, ಬೀಗದ ಕೈಗೆ ಒಂದು ಮೊಳೆ, ಸೇರುವುದಕ್ಕೆ ಒಂದು ಜಾಗ. ಇನ್ನುಳಿದದ್ದು ಔಷಧಿ ಮತ್ತು ಸುದ್ದಿ.

ಬಿಪಿ, ಸಕ್ಕರೆ, ಥೈರಾಯ್ಡ್ ಮಾತ್ರೆಗಳು ಎರಡು ವಾರಕ್ಕಾಗುವಷ್ಟು ಯಾವಾಗಲೂ ಹೆಚ್ಚಿಗೆ ಇರಲಿ. ಮಾತ್ರೆಗಳ ಹೆಸರು, ಪ್ರಮಾಣ, ರಕ್ತದ ಗುಂಪು, ಆಗದ ಔಷಧಿ ಯಾವುದು, ಇಷ್ಟನ್ನು ದೊಡ್ಡ ಅಕ್ಷರದಲ್ಲಿ ಕಾಗದದ ಮೇಲೆ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ಫೋನಿನಲ್ಲಿ ಇದೆ ಎನ್ನಬೇಡಿ. ಬಿದ್ದವರ ಫೋನಿನ ಗುಟ್ಟಿನ ಸಂಖ್ಯೆ ಆಂಬ್ಯುಲೆನ್ಸಿನವರಿಗೆ ಗೊತ್ತಿರುವುದಿಲ್ಲ. ಇನ್ಸುಲಿನ್ ಇದ್ದವರು ಒಂದು ಹೊಸ ಮಣ್ಣಿನ ಮಡಕೆ ಇಟ್ಟುಕೊಳ್ಳಿ. ಫ್ರಿಜ್ಜು ನಿಂತಾಗ ಒಳಗೆ ಒಣ ಡಬ್ಬಿಯಲ್ಲಿ ಔಷಧಿ, ಮಡಕೆಯ ಸುತ್ತ ಒದ್ದೆ ಬಟ್ಟೆ, ನೆರಳು. ಎಷ್ಟು ದಿನ ಹಾಗಿಡಬಹುದು ಎಂದು ನಿಮ್ಮ ಡಾಕ್ಟರನ್ನು ಈಗಲೇ ಕೇಳಿಡಿ. ಮನೆಯಲ್ಲಿ ಆಮ್ಲಜನಕದ ಯಂತ್ರ ಓಡುತ್ತಿದ್ದರೆ ಒಂದು ತುಂಬಿದ ಸಿಲಿಂಡರ್ ಪಕ್ಕದಲ್ಲಿರಲೇಬೇಕು.

ಸ್ವಲ್ಪ ನಗದು ಇರಲಿ. ಹತ್ತು, ಇಪ್ಪತ್ತು, ಐವತ್ತರ ನೋಟು. ನೆಟ್‌ವರ್ಕ್ ಇಲ್ಲದ ದಿನ ಕ್ಯುಆರ್ ಕೋಡು ಬರೀ ಗೋಡೆಚಿತ್ರ.

ಸುದ್ದಿಯ ವಿಷಯ. 2023ರ ಅಕ್ಟೋಬರ್ 12ರಂದು ಕರ್ನಾಟಕದ ಫೋನುಗಳೆಲ್ಲ ಒಟ್ಟಿಗೆ ವಿಚಿತ್ರವಾಗಿ ಬಡಿದುಕೊಂಡವು. ಅದು ಪರೀಕ್ಷೆ. ಅಪಾಯ ಬಂದಾಗ ಒಂದು ಪ್ರದೇಶದ ಎಲ್ಲ ಮೊಬೈಲುಗಳಿಗೂ ಒಟ್ಟಿಗೆ ಎಚ್ಚರಿಕೆ ಕಳಿಸುವ ವ್ಯವಸ್ಥೆ. ಆ ಸದ್ದು ಮುಂದೆ ಬಂದರೆ ಗಾಬರಿಯಾಗಿ ಫೋನ್ ಆರಿಸಬೇಡಿ, ಓದಿ. ಮಳೆಯ ಮಾಹಿತಿಗೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಿದೆ, ಯಲಹಂಕದಲ್ಲಿ. ಅವರ ಮೇಘಸಂದೇಶ ಎನ್ನುವ ಆ್ಯಪ್ ಬೆಂಗಳೂರಿಗೆಂದೇ ಮಾಡಿದ್ದು.

ಆದರೆ ಮೊಬೈಲ್ ಟವರಿಗೂ ಕರೆಂಟು ಬೇಕು. ಅದರ ಬ್ಯಾಟರಿಯೂ ಮುಗಿಯುತ್ತದೆ. ಆಗ ಉಳಿಯುವುದು ರೇಡಿಯೋ. ನಾನು ಈ ಮೈಕಿನ ಮುಂದೆ ಕೂತು ರೇಡಿಯೋ ಹೊಗಳಿದರೆ ಅನುಮಾನ ಬರುವುದು ಸಹಜ. ಲೆಕ್ಕವನ್ನೇ ನೋಡಿ. ಎರಡು ಸೆಲ್ಲು ಹಾಕುವ ಸಣ್ಣ ಸೆಟ್ಟು ದಿನಗಟ್ಟಲೆ ಹಾಡುತ್ತದೆ. ಕಾಮನಬಿಲ್ಲು ಎಫ್‌ಎಂ 101.3ರಲ್ಲಿ ಸಿಗುತ್ತದೆ. ಸೆಲ್ಲುಗಳನ್ನು ಸೆಟ್ಟಿನ ಒಳಗೇ ಬಿಟ್ಟರೆ ಸೋರಿ ಸೆಟ್ಟೇ ಹಾಳು. ಹೊರಗೆ ತೆಗೆದು ಪಕ್ಕದಲ್ಲಿ ಕಟ್ಟಿಡಿ.

ನೀರು, ಕರೆಂಟು, ಊಟ, ಬೆಂಕಿ, ಔಷಧಿ, ಸುದ್ದಿ ಆಯಿತು. ಕೊನೆಯದು ಜನ.

ನಮ್ಮ ಬ್ಲಾಕುಗಳ ಎಷ್ಟೋ ಮನೆಗಳಲ್ಲಿ ಈಗ ಇಬ್ಬರೇ. ಎಪ್ಪತ್ತು ದಾಟಿದವರು. ಮಗ ಕ್ಯಾಲಿಫೋರ್ನಿಯಾದಲ್ಲಿ, ಮಗಳು ಸಿಂಗಪುರದಲ್ಲಿ. 20 ಲೀಟರಿನ ಕ್ಯಾನು ಇವರು ಎತ್ತಲಾರರು. ಮೈನ್ ಸ್ವಿಚ್ ಇರುವ ಎತ್ತರಕ್ಕೆ ಕೈ ಎಟುಕುವುದಿಲ್ಲ. ಮೇಲೆ ಹೇಳಿದ್ದೆಲ್ಲವೂ ಇವರ ಮನೆಯಲ್ಲಿ ಬೇರೆ ಥರ ಆಗಬೇಕು. 20 ಲೀಟರಿನ ಬದಲು ಎರಡು ಲೀಟರಿನ ಬಾಟಲಿಗಳು. ಮಂಚದ ಪಕ್ಕದಲ್ಲೇ ಟಾರ್ಚು, ಒಂದು ಸೀಟಿ. ಕೂಗಲು ದನಿ ಇಲ್ಲದವರೂ ಸೀಟಿ ಊದಬಹುದು. ಮೂರನೇ ಮನೆಯ ಒಬ್ಬರ ಹತ್ತಿರ ಮನೆಯ ಇನ್ನೊಂದು ಬೀಗದ ಕೈ. ಪಕ್ಕದ ಮನೆಯೇ ಬೇಡ, ಪಕ್ಕದವರು ಇವರ ಜೊತೆಗೇ ತೊಂದರೆಗೆ ಸಿಕ್ಕಿರಬಹುದು. ಹಾಲಿನವರು, ಪೇಪರಿನವರು, ಪಾರ್ಕಿನಲ್ಲಿ ಬೆಳಗ್ಗೆ ಸಿಗುವವರು, ಇವರಲ್ಲಿ ಯಾರಾದರೂ ದಿನಕ್ಕೊಮ್ಮೆ ಬಾಗಿಲು ತಟ್ಟಬೇಕು ಎಂಬ ಒಪ್ಪಂದ.

ಹೊರದೇಶದಲ್ಲಿರುವ ಮಕ್ಕಳಿಗೊಂದು ವಿಷಯ ತಿಳಿದಿರುವುದಿಲ್ಲ. ಇಲ್ಲಿ ಪೊಲೀಸ್, ಬೆಂಕಿ, ಆಂಬ್ಯುಲೆನ್ಸ್ ಎಲ್ಲಕ್ಕೂ 112 ಸಾಕು. ಆಂಬ್ಯುಲೆನ್ಸಿಗೆ 108 ಕೂಡ ಇದೆ. ಆದರೆ ಅಪ್ಪ ಫೋನ್ ಎತ್ತುತ್ತಿಲ್ಲ ಎಂದು ಅಮೆರಿಕದಲ್ಲಿ ಕೂತ ಮಗ 112 ಒತ್ತಿದರೆ ಅದು ಜಯನಗರಕ್ಕೆ ಬರುವುದಿಲ್ಲ. ಅವನಿಗೆ ಬೇಕಾದದ್ದು ನಿಮ್ಮ ಬಡಾವಣೆಯ ಪೊಲೀಸ್ ಠಾಣೆಯ ನೇರ ಸಂಖ್ಯೆ, 080ಯಿಂದ ಶುರುವಾಗುವುದು, ಮೊದಲ ಸೊನ್ನೆ ತೆಗೆದು ಅದರ ಜಾಗದಲ್ಲಿ ದೇಶದ 91 ಸೇರಿಸಿ. ಜೊತೆಗೆ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗದ್ದು, ಬೀಗದ ಕೈ ಇಟ್ಟುಕೊಂಡಿರುವ ಆ ಮೂರನೇ ಮನೆಯವರದ್ದು. ಮೂರಕ್ಕೂ ಒಮ್ಮೆ ಇಲ್ಲಿಂದಲೇ ಕರೆ ಮಾಡಿ, ಎತ್ತುತ್ತಾರೆಯೇ ಎಂದು ಖಾತ್ರಿ ಮಾಡಿಕೊಂಡು, ಇವತ್ತೇ ಮಕ್ಕಳಿಗೆ ಕಳಿಸಿ. ಅಮೆರಿಕದಲ್ಲಿ ಈಗ ರಾತ್ರಿ ಇರಬಹುದು. ಮಗ ಬೆಳಗ್ಗೆ ಎದ್ದು, "ಏನಾಯ್ತಪ್ಪಾ?" ಎಂದು ಗಾಬರಿಯಿಂದ ಫೋನ್ ಮಾಡುತ್ತಾನೆ. ಏನೂ ಆಗಿಲ್ಲ, ರೇಡಿಯೋದಲ್ಲಿ ಯಾರೋ ಹೇಳಿದರು ಎನ್ನಿ.